ಗೋವಿಂದಕ್ಕೆ ಕಾಯದ ಸರ್ಕ್ಯೂಟು

ನಮ್ಮ ನಿಶ್ಮಿತಾ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಅಮ್ಮ, ಅಂದರೆ ನನ್ನ ತಂಗಿ ಹರಿಣಾಕ್ಷಿ, 'ಕಂಪ್ಯೂಟರು' ಎಂದು ಹೇಳಿ ಕೈತೊಳೆದುಕೊಳ್ಳುತ್ತಾಳೆ. ನನಗೆ ಆ ಅಭ್ಯಾಸವಿಲ್ಲ. ನಾನು ವಸಂತಕುಮಾರ, ಕಲ್ಯಾಣದಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಸೋದರಸೊಸೆಯ ವಿಷಯ ತೆಗೆದರೆ ಪೂರ್ತಿ ಹೇಳಿಯೇ ಬಿಡುತ್ತೇನೆ. ಕೇಳುವವರ ಚಹಾ ಆರಿದರೆ ಅದು ಅವರ ಹಣೆಬರಹ.

ಹುಡುಗಿ ಹುಟ್ಟಿ ಬೆಳೆದದ್ದು ಠಾಣೆಯ ವರ್ತಕ ನಗರದಲ್ಲಿ. ನವಿ ಮುಂಬಯಿಯ ಮಹಾಪೆಯಲ್ಲಿ ಚಿಪ್ ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸ. ಮೊದಲ ಕೆಲವು ವರ್ಷ ಬೇರೆಯವರ ಸರ್ಕ್ಯೂಟಿನಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿತ್ತು. ಆ ವಿದ್ಯೆ ಅವಳಿಗೆ ಸಣ್ಣಂದಿನಿಂದಲೇ ಬರುತ್ತಿತ್ತು, ನನ್ನ ಸಾಂಬಾರನ್ನೂ ಬಿಟ್ಟವಳಲ್ಲ. ೨೦೧೨ರಲ್ಲಿ ಅವಳಿಗೆ ಮೊದಲ ಸಲ ಸ್ವಂತದ್ದೊಂದು ಸರ್ಕ್ಯೂಟು ಸಿಕ್ಕಿತು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಇಟ್ಟು ಎದೆಬಡಿತ ತೋರಿಸುವ ಯಂತ್ರವಿದೆಯಲ್ಲ, ಅದರ ಚಿಪ್ಪಿನ ಮೆಮೊರಿಗೆ.

ಮೆಮೊರಿ ಎಂದರೆ ಸೊನ್ನೆ ಮತ್ತು ಒಂದುಗಳ ಸಾಲು. ಕೆಲವೊಮ್ಮೆ ಯಾರೂ ಮುಟ್ಟದೆಯೇ ಅದರಲ್ಲೊಂದು ಮಗುಚಿಕೊಳ್ಳುತ್ತದಂತೆ. ಅದಕ್ಕಾಗಿ ಸಾಲಿಗೆ ಕೆಲವು ಕಾವಲುಗಾರರನ್ನು ಇಡುತ್ತಾರೆ. ಒಬ್ಬೊಬ್ಬನಿಗೂ ಇಷ್ಟಿಷ್ಟು ಅಂಕಿ ನೋಡಿಕೊಳ್ಳುವ ಪಾಲು. ಅವನ ಪಾಲಿನಲ್ಲಿ ಒಂದುಗಳ ಲೆಕ್ಕ ಯಾವಾಗಲೂ ಸಮವಾಗಿರಬೇಕು, ಬೆಸವಾದರೆ ಅವನು ಕೂಗುತ್ತಾನೆ. ಯಾರ್ಯಾರು ಕೂಗಿದರು ಎಂದು ನೋಡಿದರೆ ಯಾವ ಅಂಕಿ ಕೆಟ್ಟಿತು ಎಂದು ಗೊತ್ತಾಗುತ್ತದೆ, ಅದನ್ನು ತಿರುಗಿಸಿಬಿಟ್ಟರೆ ಸರಿಹೋಯಿತು. ಒಟ್ಟಿಗೆ ಎರಡು ಕೆಟ್ಟರೆ ಮಾತ್ರ ಕಾವಲುಗಾರರು ಗೊಂದಲಕ್ಕೆ ಬಿದ್ದು ಪಾಪದ ಮೂರನೆಯ ಅಂಕಿಯನ್ನು ಹಿಡಿದುಕೊಡುತ್ತಾರೆ. ಹಾಗಾಗದಿರಲು ಇಡೀ ಸಾಲನ್ನು ನೋಡುವ ದೊಡ್ಡ ಕಾವಲುಗಾರನೊಬ್ಬನನ್ನು ಅವಳು ಇಟ್ಟಿದ್ದಳು. ಎಡವಟ್ಟಾದದ್ದು ಅಲ್ಲೇ. ಎಲ್ಲರ ಕೆಲಸ ಮುಗಿದರೂ ಇವನದು ಗೊತ್ತು ಮಾಡಿದ ಹೊತ್ತಿನೊಳಗೆ, ಅಂದರೆ ಅವರ ಭಾಷೆಯ 'ಟೈಮಿಂಗ್' ಒಳಗೆ, ಮುಗಿಯುತ್ತಿರಲಿಲ್ಲ.

"ಸೋಮವಾರದೊಳಗೆ ಟೈಮಿಂಗ್ ಬಾರದಿದ್ದರೆ ಕರೆಕ್ಷನ್ ಕಾಟ್ ದೂಂಗೀ," ಎಂದಿದ್ದರಂತೆ ಅವಳ ಮೇಲಿನ ಅಧಿಕಾರಿ ಮುಕ್ತಾ ಮೇಡಂ. ತಿದ್ದುವ ಭಾಗವನ್ನು ಹಾಗೆ ಕತ್ತರಿಸಿದರೆ ಚಿಪ್ಪಿನಲ್ಲಿ ತಪ್ಪು ಕಂಡುಹಿಡಿಯುವ ಭಾಗ ಮಾತ್ರ ಉಳಿಯುತ್ತದೆ. ಒಂದು ಅಂಕಿ ಮಗುಚಿದರೂ ಯಂತ್ರ ನಿಂತು ಮತ್ತೆ ಮೊದಲಿನಿಂದ ಶುರುವಾಗಬೇಕು. ಇವಳೂ ಮತ್ತೆ ಬೇರೆಯವರ ತಪ್ಪು ಹುಡುಕಲು ಹೋಗಬೇಕು.

ಆ ಭಾನುವಾರ ಕಲ್ಯಾಣದಲ್ಲಿ ನಮ್ಮ ಸಂಘದ ಸತ್ಯನಾರಾಯಣ ಪೂಜೆ. ಮುಖ ಸಪ್ಪೆ ಮಾಡಿಕೊಂಡು ಬಂದ ಹುಡುಗಿಯ ಕೈಗೆ ನಾನು ಕೋಸಂಬರಿ ಪಾತ್ರೆ ಕೊಟ್ಟು ಬಡಿಸಲು ಅಟ್ಟಿದೆ. ನಮ್ಮಲ್ಲಿ ಬಡಿಸಿ ಆದ ಮೇಲೆ ಸಂಘದ ಹಿರಿಯರಾದ ಪುಂಡರೀಕಾಕ್ಷಣ್ಣ ಪಂಕ್ತಿಯ ಈ ತುದಿಯಿಂದ ಆ ತುದಿಗೆ ನಡೆದು, ಪ್ರತಿ ಎಲೆಗೂ ಎಲ್ಲವೂ ಬಿದ್ದಿದೆಯೇ ಎಂದು ನೋಡಿ, ಆಮೇಲೆ 'ಗೋವಿಂದ' ಎನ್ನಬೇಕು. ಅಲ್ಲಿಯವರೆಗೆ ಒಬ್ಬನೂ ಅನ್ನ ಮುಟ್ಟುವಂತಿಲ್ಲ. ಅಂದು ಅಣ್ಣನಿಗೆ ನಡುಪಂಕ್ತಿಯಲ್ಲಿ ಶಹಾಡಿನ ಬೀಗರು ಸಿಕ್ಕಿಬಿಟ್ಟರು. ಮಾತು ಮಗಳ ಸೀಮಂತದಿಂದ ಶುರುವಾಗಿ ಮಂಡಿನೋವಿಗೆ ಬಂತು. ಅನ್ನ ಆರುತ್ತಿತ್ತು, ಜನ ಎಲೆ ನೋಡುತ್ತ ಕೂತಿದ್ದರು.

"ಮಾಮ," ಎಂದಳು ನಿಶ್ಮಿತಾ ನನ್ನ ಕಿವಿಯ ಹತ್ತಿರ, "ಬಡಿಸಿದವ್ರಿಗೆ ತಮ್ದು ತಮ್ದು ಗೊತ್ತೇ ಇದೆ ನಾ? ಫಿರ್ ಇವ್ರು ಯಾಕೆ ಎಲ್ಲಾ ನೋಡ್ಬೇಕು?"

"ಸುಮ್ಮನಿರು ಮಾರಾಯ್ತಿ. ಅವರು ನೋಡದೆ ಉಂಡರೆ ನಮಗೆ ಜೀರ್ಣ ಆಗುದುಂಟಾ?"

ಅವಳು ಪಾತ್ರೆ ನನ್ನ ಕೈಗೆ ತುರುಕಿ, ಖಾಲಿ ಎಲೆಯೊಂದರ ಮುಂದೆ ಕೂತು, ಉಪ್ಪಿನಕಾಯಿಯ ರಸದಲ್ಲಿ ಬೆರಳು ಅದ್ದಿ ಎಲೆಯ ಮೇಲೆ ಗೆರೆ ಎಳೆಯತೊಡಗಿದಳು. ಹರಿಣಾಕ್ಷಿ ಬಂದು ಗದರಿದಳು: "ಎಲೆಯ ಮೇಲೆ ಎಂತ ಚಿತ್ರ ಅದು? ನಾಲ್ಕು ಜನ ನೋಡ್ತಾರೆ." ಹುಡುಗಿ ತಲೆ ಎತ್ತಲಿಲ್ಲ. ಗೋವಿಂದ ಆದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಪಾಯಸದ ಹೊತ್ತಿಗೆ ನನಗೆ ವಿವರಿಸಿದಳು. ಪ್ರತಿ ಅಂಕಿಯನ್ನೂ ಬೆಸಸಂಖ್ಯೆಯ ಕಾವಲುಗಾರರ ಕೈಗೆ ಕೊಡಬೇಕು. ಒಂದೊಂದನ್ನು ಮೂವರೋ ಐವರೋ ನೋಡಿಕೊಳ್ಳಲಿ. ಒಂದು ಅಂಕಿ ಕೆಟ್ಟರೆ ಕೂಗುವವರ ಸಂಖ್ಯೆ ಬೆಸ. ಎರಡು ಕೆಟ್ಟರೆ, ಎರಡನ್ನೂ ನೋಡುವವನಿಗೆ ಲೆಕ್ಕ ಸರಿಹೋಗಿ ಅವನು ಸುಮ್ಮನಿರುತ್ತಾನೆ, ಕೂಗುವವರ ಸಂಖ್ಯೆ ಸಮವಾಗುತ್ತದೆ. ಹಾಗಾದರೆ ತಿದ್ದಲು ಹೋಗದೆ ಎಚ್ಚರಿಕೆ ಕೊಟ್ಟರಾಯಿತು. ಎಲ್ಲವನ್ನೂ ನೋಡುವ ದೊಡ್ಡ ಮನುಷ್ಯ ಬೇಕಾಗಿಲ್ಲ. ಅವನನ್ನೂ ಉಳಿದವರ ಸಾಲಿಗೆ ಇಳಿಸಿ, ಎಲ್ಲರಿಗೂ ಸಮಪಾಲು ಹಂಚಿದರೆ ಯಾರಿಗೂ ಯಾರೂ ಕಾಯಬೇಕಾಗಿಲ್ಲ.

"ಶಾಭಾಸ್, ನೀನೇ ಕಂಡುಹಿಡಿದದ್ದಾ?" ಎಂದೆ.

"ಛೆ, ನಂದಲ್ಲ ಮಾಮ. ಪುರಾನಾ ಐಡಿಯಾ, ಕಾಲೇಜಲ್ಲಿ ಓದಿದ್ದೆ. ಎಕ್ಸಾಮ್ ಆಯ್ತು, ಮರೆತೂ ಆಯ್ತು," ಎಂದು ನಕ್ಕಳು. "ನನ್ನ ಚಿಪ್ಪಿಗೆ ಹಂಚೋದು ಮಾತ್ರ ನನ್ನ ಕೆಲ್ಸ."

ಆ ಹಂಚುವ ಕೆಲಸವೇ ಜೀವ ತಿಂದಿತು ಎಂದು ಆಮೇಲೆ ತಿಳಿಯಿತು. ಯಾರ ಪಾಲು ತುಸು ಹೆಚ್ಚಾದರೂ ಅವನೇ ಹಿಂದೆ ಬೀಳುತ್ತಾನೆ. ಸೋಮವಾರ ಸಂಜೆ ಫೋನು ಬಂತು. ಟೈಮಿಂಗ್ ಒಳಗೆ ಬಂದಿತ್ತು, ಸರ್ಕ್ಯೂಟು ಮೊದಲಿಗಿಂತ ಚಿಕ್ಕದೂ ಆಗಿತ್ತು. ಮುಕ್ತಾ ಮೇಡಂ ಎರಡು ಸಲ ಪರೀಕ್ಷಿಸಿ, "ರೆಹನೇ ದೋ," ಎಂದರಂತೆ, ತಿದ್ದುವ ಭಾಗ ಉಳಿಯಿತು. ನನಗೆ ಆದ ಖುಷಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ಹುಡುಗಿಯ ದನಿಯಲ್ಲಿ ಇನ್ನೂ ಅಳುಕಿತ್ತು: "ಚಿಪ್ ಆಗಿ ಬರಲಿ ಮಾಮ. ಅದಕ್ಕೆ ಮೊದಲು ಏನೂ ಹೇಳೋಕಾಗಲ್ಲ."

ಚಿಪ್ ತಯಾರಾಗಿ ಬರುವಾಗ ಮುಂದಿನ ಮಳೆಗಾಲ. ಅದನ್ನು ಯಂತ್ರಕ್ಕೆ ಹಾಕಿ, ಎದೆಬಡಿತದ ಗೆರೆ ಓಡುತ್ತಿರುವಾಗಲೇ ಮೆಮೊರಿಯಲ್ಲಿ ಬೇಕೆಂದೇ ಒಂದು ಅಂಕಿ ಮಗುಚಿ ನೋಡುವ ದಿನ ನಾನು ಗಲ್ಲಾದಲ್ಲಿ ಚಿಲ್ಲರೆಯನ್ನೂ ತಪ್ಪಾಗಿ ಕೊಡುತ್ತಿದ್ದೆ. ಮಧ್ಯಾಹ್ನ ಫೋನು ಬಂತು. 

"ಎಂತ ಆಯ್ತು ಮಗಾ?"

"ಏನೂ ಆಗ್ಲಿಲ್ಲ ಮಾಮ," ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. "ಗೆರೆ ಓಡ್ತಾನೇ ಇತ್ತು. ಕುಛ್ ಭೀ ನಹೀ ಹುವಾ."

ನನ್ನ ಕಣ್ಣು ತುಂಬಿತು. ಒಳಗೆ ಹೋಗಿ ಬಾಣಲೆ ತುಂಬ ಶೀರಾ ಮಾಡಿಸಿ, ಆ ಹೊತ್ತು ಹೋಟೆಲಿನಲ್ಲಿ ಕೂತಿದ್ದ ಎಲ್ಲರಿಗೂ ಒಂದೊಂದು ಪ್ಲೇಟು ಕೊಡಿಸಿದೆ. ಏನು ವಿಶೇಷ ಸೇಠ್ ಎಂದು ಕೇಳಿದವರಿಗೆಲ್ಲ, ಏನೂ ಆಗಲಿಲ್ಲ, ತಿನ್ನಿ ಎಂದೆ.