ಮೂವತ್ತನೇ ಕಂಬದಿಂದ ಹಿಂದಕ್ಕೆ

ಮೇ ತಿಂಗಳ ಮಂಗಳವಾರ; ಭೂಮಿಯ ಈ ದಕ್ಷಿಣಾರ್ಧದಲ್ಲಿ ಚಳಿಗಾಲದ ಹೊಸ್ತಿಲು. ಬೆಳಗಿನ ಏಳು ಗಂಟೆಯಾದರೂ ಬೆಟ್ಟದ ಮೇಲಿನ ಬಯಲಿಗೆ ಬಿಸಿಲು ಬಂದಿಲ್ಲ. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಅರವತ್ತೊಂದನೇ ನಂಬರಿನ ಕಂಬದ ಬುಡದಲ್ಲಿ ಲೆಸ್ಟರ್ ಹ್ಯಾನಿಗನ್ ಮಂಡಿಯೂರಿದ್ದಾರೆ. ಕಂಬದಿಂದ ಬಿಚ್ಚಿದ ಅಲ್ಯುಮಿನಿಯಂ ಬಿಲ್ಲೆಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಬರಿಗೈಯಲ್ಲಿ ಚಾಣ ಹಿಡಿದು, ಟಕ್, ಟಕ್, ಟಕ್. ಮೂರು ಗೀಟು. ಒಂದು ಬಾಣ. ಕೆಳಗೆ 'ಗುಡಿಸಲು' ಅಂತ ಒಂದೇ ಪದ. ಆಮೇಲೆ ಬೆರಳುಗಳನ್ನು ಬಾಯಿಗಿಟ್ಟು ಊದಿಕೊಳ್ಳುತ್ತಾರೆ.

"ಲೆಸ್, ಇದು ಬಾಣನೋ ಬಾತುಕೋಳಿ ಕಾಲೋ?" ಹಿಂದೆ ನಿಂತು ಕೇಳುವವರು ನೊರೀನ್ ಪೆಟ್ಕೊವಿಚ್. ಹನ್ನೆರಡು ವರ್ಷದಿಂದ ಇವರ ಜೊತೆಗಾರ್ತಿ. ಗಾಡಿ ಓಡಿಸುವುದು, ಹಾರೆ ಹಾಕುವುದು, ಬಾಯಿ ಮಾಡುವುದು, ಮೂರೂ ಇವರದೇ.

"ಬಾತುಕೋಳಿ ಕಾಲು ಹಿಡ್ಕೊಂಡಾದ್ರೂ ಜನ ಒಳಗೆ ಸೇರ್ಲಿ ಬಿಡು ಮಾರಾಯ್ತಿ. ಮೊಳೆ ಕೊಡು."

ಈ ಬಯಲಿನಲ್ಲಿ ದಾರಿ ಅಂದರೆ ಕಂಬಗಳೇ. ಚಾರಣಿಗರು ತಂಗುವ ಟ್ರೆಸಿಡರ್ ಗುಡಿಸಲಿನ ಬಾಗಿಲಿಗೆ ಒಂದನೇ ನಂಬರು. ಹನ್ನೆರಡು ಕಿಲೋಮೀಟರ್ ಆಚೆ, ಲಾಂಗ್ ಸ್ಪರ್ ಗುಡಿಸಲಿಗೆ ನಾನೂರ ಹನ್ನೆರಡು. ಮೂವತ್ತು ಮೀಟರಿಗೊಂದು ಕಂಬ. ಜೂನ್ ಬಂದರೆ ಕಾಲುದಾರಿ, ಹಳ್ಳ, ಪೊದೆ ಎಲ್ಲವೂ ಹಿಮದಡಿ. ಗಾಳಿ ಎದ್ದರೆ ನೆಲವೂ ಬಿಳಿ, ಆಕಾಶವೂ ಬಿಳಿ, ದಿಕ್ಕು ತಿಳಿಯದ ಬಿಳಿಗತ್ತಲೆ. ಆಗ ಉಳಿಯುವುದು ಕಂಬ ಮಾತ್ರ. ಕೆಳಗೆ ಹೊಳೆ ಬದಿಯ ನಮ್ಮ ಟಿನ್‌ಪಾಟ್ ಎಂಬ ಊರಿನ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ನಿಯಮ ಒಂದಿದೆ: ಮುಂದಿನ ಕಂಬ ಕಾಣುವ ತನಕ ಇದ್ದ ಕಂಬ ಬಿಡಬೇಡ. ಮೂವತ್ತು ವರ್ಷದಿಂದ ಅದನ್ನು ಕಲಿಸುತ್ತ ಬಂದವರು ಲೆಸ್ಟರ್. ಅಗ್ನಿಶಾಮಕದವರ ಶೆಡ್ಡಿನಲ್ಲಿ, ಪ್ರತಿ ಚಳಿಗಾಲಕ್ಕೆ ಮುಂಚೆ, ಒಂದು ಸಂಜೆ ಪಾಠ. ಆಮೇಲೆ ಸೂಪು.

ಈಗ ಅವರಿಗೆ ಅರವತ್ತೊಂಬತ್ತು. ಎಡ ಸೊಂಟ ಸವೆದಿದೆ. ದಿನಕ್ಕೆ ಮೂವತ್ತು ಕಂಬ, ಮೈ ಸರಿಯಿದ್ದರೆ ನಲವತ್ತು. ಈ ಜೂನ್ ಕೊನೆಗೆ ಕಂಬ ನೋಡಿಕೊಳ್ಳುವ ಕೆಲಸದಿಂದ ನಿವೃತ್ತಿ. ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ವರ್ಷಕ್ಕೊಮ್ಮೆ ಗುತ್ತಿಗೆಯವರು ಬಂದು ನೋಡಿ ಹೋಗುತ್ತಾರಂತೆ. ಅಷ್ಟರೊಳಗೆ, ಅಂದರೆ ಹಿಮ ಬಿದ್ದು ರಸ್ತೆಯ ಗೇಟು ಮುಚ್ಚುವುದರೊಳಗೆ, ನಾನೂರ ಹನ್ನೆರಡು ಬಿಲ್ಲೆಗೂ ಬಾಣ ಕೊರೆದು ಮುಗಿಸಬೇಕು. ಯಾರೂ ಹೇಳಿದ ಕೆಲಸವಲ್ಲ, ಬಿಡುವಾದ ದಿನ ಮಾತ್ರ. ಫೆಬ್ರವರಿಯಲ್ಲಿ ಆಚೆ ತುದಿಯಿಂದ ಶುರು ಮಾಡಿದರು. ಅದೇ ನೊರೀನ್ ಅವರ ಸಿಟ್ಟು; ಜೊತೆಗೆ ಬಂದ ನನ್ನ ಮುಂದೆ ತೋಡಿಕೊಳ್ಳುತ್ತಾರೆ.

"ಜನ ಹತ್ತೋದು ಟ್ರೆಸಿಡರ್ ಕಡೆಯಿಂದ. ಇವನು ಶುರು ಮಾಡಿದ್ದು ಆ ತುದಿಯಿಂದ. ಯಾಕೆ ಅಂತ ಕೇಳಿ. ಹೇಳಲ್ಲ. ನಾನೇ ಹೇಳ್ತೀನಿ, ಮೂವತ್ತನೇ ಕಂಬ ಕೊನೆಗೆ ಬರ್ಲಿ ಅಂತ."

ಲೆಸ್ಟರ್ ಮೊಳೆಗಳನ್ನು ಎಣಿಸುತ್ತಾರೆ. ಎಣಿಸುತ್ತಲೇ ತಾವೇ ಹೇಳತೊಡಗುತ್ತಾರೆ.

ಒಂಬತ್ತು ವರ್ಷದ ಹಿಂದೆ, ಏಪ್ರಿಲ್. ಒಳ್ಳೇ ಬಿಸಿಲಿನ ಮಧ್ಯಾಹ್ನ. ಮೂವತ್ತೊಂದನೇ ಕಂಬ ಬುಡದಲ್ಲಿ ಕೊಳೆತಿತ್ತು. "ಕಿತ್ತು ಹಾಕ್ದೆ. ಹೊಸದು ಗಾಡಿಯಲ್ಲೇ ಇತ್ತು. ಸೊಂಟ ನೋಯ್ತಿತ್ತು, ನಾಳೆ ನೆಟ್ಟರಾಯ್ತು ಅಂದ್ಕೊಂಡೆ. ಅಷ್ಟೇ ನೋಡಿ."

ಆ ರಾತ್ರಿ ಅಕಾಲದ ಹಿಮ ಬಿತ್ತು. ಟ್ರೆಸಿಡರ್ ಗುಡಿಸಲಿನಲ್ಲಿ ತಂಗಿದ್ದ ಜನೀನ್ ಆರ್ಚರ್ಡ್, ನಮ್ಮೂರ ಆಸ್ಪತ್ರೆಯ ನರ್ಸು, ಮೂವತ್ತನಾಲ್ಕು ವರ್ಷದವಳು, ಬೆಳಿಗ್ಗೆ ಲಾಂಗ್ ಸ್ಪರ್ ಕಡೆ ಹೊರಟಳು. ದಾರಿಯಲ್ಲಿ ಗಾಳಿ ಎದ್ದಿತು. ಎರಡು ದಿನ ಬಿಟ್ಟು ಲೆಸ್ಟರ್ ಮತ್ತು ನೊರೀನ್ ಹೋದಾಗ ಅವಳು ಮೂವತ್ತನೇ ಕಂಬಕ್ಕೆ ಒರಗಿ ಕೂತಿದ್ದಳು. ದಾರಿ ತಪ್ಪಿರಲಿಲ್ಲ. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಮುಂದಿನ ಕಂಬ ಕಾಣಲಿ ಅಂತ ಕಾದಿದ್ದಳು.

"ನನ್ನ ಪಾಠಕ್ಕೆ ಬಂದವಳು," ಅನ್ನುತ್ತಾರೆ ಲೆಸ್ಟರ್. "ಮುಂದಿನ ಸಾಲಲ್ಲಿ ಕೂತು ಬರ್ಕೊಂಡಿದ್ಲು. ಮೂವತ್ತರ ಹತ್ರ ನಿಂತ್ರೆ ಇಪ್ಪತ್ತೊಂಬತ್ತು ಕಾಣ್ತಿತ್ತು ರೀ. ಹಿಂದಕ್ಕೆ ಬಂದಿದ್ರೆ ಗುಡಿಸಲು, ಒಲೆ, ಒಣ ಸೌದೆ. ಒಂದು ಕಿಲೋಮೀಟರೂ ಇಲ್ಲ. ಮುಂದಿನದನ್ನ ನೋಡು ಅಂತ ಕಲಿಸ್ದೆ. ಹಿಂದಿನದನ್ನ ನೋಡು ಅಂತ ಕಲಿಸ್ಲೇ ಇಲ್ಲ."

ಸಾವಿನ ವಿಚಾರಣೆಯಲ್ಲಿ 'ಅಕಾಲದ ಹಿಮ' ಎಂದು ಬರೆದುಕೊಂಡರು. ಲೆಸ್ಟರ್ ಎದ್ದು ನಿಂತು, ಕಂಬ ಕಿತ್ತವನು ನಾನು ಅಂದರು. ಅದನ್ನೂ ಬರೆದುಕೊಂಡರು. ಊರಿನಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿರುವ ಥೆಲ್ಮಾ, ಜನೀನ್ ತಾಯಿ, ಒಮ್ಮೆ ಸ್ಟಾಂಪು ಕೊಡುತ್ತ ಕೇಳಿದರಂತೆ, "ಎಷ್ಟು ಹೊತ್ತು ಕಾದಿರಬಹುದು ಲೆಸ್?" ಲೆಸ್ಟರ್ ಸ್ಟಾಂಪನ್ನು ಕೌಂಟರಿನಲ್ಲೇ ಬಿಟ್ಟು ಬಂದರು. ಅಂದಿನಿಂದ ಹೊಸ ಕಂಬ ಪಕ್ಕದಲ್ಲಿ ನಿಲ್ಲದೆ ಹಳೆಯದನ್ನು ಅವರು ಮುಟ್ಟಿಲ್ಲ. ದಾರಿ ಶುರುವಾಗುವಲ್ಲಿನ ಫಲಕದಲ್ಲಿ ಇನ್ನೊಂದು ಸಾಲು ಸೇರಿಸಿ, ಮುಂದಿನದು ಕಾಣದಿದ್ದರೆ ಹಿಂದಿನದಕ್ಕೆ ಮರಳಿ ಅಂತ, ಎಂದು ಮೇಲಿನವರಿಗೆ ಐದು ಕಾಗದ ಬರೆದರು. ಫಲಕದ ಮಾತು ಎಲ್ಲ ಕಡೆ ಒಂದೇ ಇರಬೇಕು, ಬದಲಿಸಲಾಗದು ಎಂಬ ಉತ್ತರ ಬಂತು. ಅದಕ್ಕೇ ಈ ಚಾಣ, ಗುಡಿಸಲಿನ ಕಡೆ ತಿರುಗಿದ ಈ ಬಾಣ.

ಹತ್ತೂವರೆಗೆ ಐವತ್ತೆರಡನೇ ಕಂಬ. ನೈಋತ್ಯದಲ್ಲಿ ಆಕಾಶ ಹಾಲು ಸುರಿದಂತಾಗಿದೆ. ರೇಡಿಯೋದಲ್ಲಿ ಗುರುವಾರ ಅಂದಿದ್ದ ಹಿಮಕ್ಕೆ ಗುರುವಾರದ ತನಕ ತಾಳ್ಮೆ ಇದ್ದಂತಿಲ್ಲ.

"ಸಾಕು," ನೊರೀನ್ ಚೀಲ ಕಟ್ಟುತ್ತಾರೆ. "ಇಲ್ಲಿ ಬಿಡು. ನೇರ ಮೂವತ್ತಕ್ಕೆ ಇಳಿಯೋಣ."

"ಸಾಲಾಗಿ ಮಾಡ್ಕೊಂಡು ಹೋಗೋಣ ಅಂತ..."

"ನಿನ್ನ ಸಾಲಿಗೆ ಬೆಂಕಿ ಬಿತ್ತು. ಇವತ್ತು ಗೇಟು ಮುಚ್ಚಿದ್ರೆ ಆ ಕಂಬ ಹಾಗೇ ಉಳಿಯತ್ತೆ. ನಾಳೆ ಅಂತ ಇನ್ನೊಂದ್ಸಲ ಹೇಳ್ತೀಯಾ?"

ಆ ಮಾತು ತಾಗಿತು. ಲೆಸ್ಟರ್ ಎದ್ದು ನಡೆಯುತ್ತಾರೆ, ಕುಂಟುತ್ತ, ಬೇಗ ಬೇಗ. ಮೂವತ್ತನೇ ಕಂಬದ ಬಿಲ್ಲೆ ಬಿಚ್ಚಿ ಕೊರೆಯುತ್ತಾರೆ. ಬಾಣದ ಒಂದು ಗೀಟು ಅಂಚಿಗೆ ಹೋಗುತ್ತದೆ. ನೊರೀನ್ ಅದನ್ನು ನೋಡಿ ತಾವೇ ಮೊಳೆ ಹೊಡೆಯುತ್ತಾರೆ. ಅಲ್ಲಿಂದ ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಒಂದನೇ ಕಂಬ ಮುಗಿಯುವಾಗ ಸಂಜೆ ನಾಲ್ಕು, ಭುಜದ ಮೇಲೆ ಹಿಮದ ಪುಡಿ. ನಡುವೆ ಇಪ್ಪತ್ತೊಂದು ಕಂಬ ಬಾಣವಿಲ್ಲದೆ ಉಳಿದವು.

ಗುಡಿಸಲಿನಲ್ಲಿ ಚಹಾ ಕಾಯುವ ತನಕ ಲೆಸ್ಟರ್ ಅಲ್ಲಿನ ದಾಖಲೆ ಪುಸ್ತಕ ತೆರೆದು ಒಂದು ಪುಟ ತೋರಿಸುತ್ತಾರೆ. ಕಳೆದ ತಿಂಗಳು, ಏಪ್ರಿಲ್ ಕೊನೆಯ ಬಿರುಗಾಳಿಯಲ್ಲಿ ಬಂದ ನಾಲ್ವರ ಬರಹ: 'ನೂರಾ ಹದಿನೆಂಟರಿಂದ ಹಿಂದಕ್ಕೆ ಬಂದೆವು. ಒಲೆ ವಿಪರೀತ ಹೊಗೆ. ಇಲಿಗಳಿವೆ. ಯಾರಾದರೂ ಗಮನಿಸಬೇಕು.'

ಬಾಣದ ಸುದ್ದಿಯೇ ಇಲ್ಲವಲ್ಲ ಅಂತ ನಾನಂದರೆ ಲೆಸ್ಟರ್ ನಗುತ್ತಾರೆ.

"ಬೇಡ ಬಿಡಿ. ಬೈಯೋಕೆ ನಾಲ್ಕೂ ಜನ ಬದುಕಿದ್ರಲ್ಲ."