ಅವ್ವನ ಜಳಕದ ಖೋಲಿ

ಅವ್ವನ ಮೊಣಕಾಲಿನ ಆಪರೇಷನ್ ಆದ ವರ್ಷ ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೀದರಿನಿಂದ ದಿನಾ ಬೆಳಿಗ್ಗೆ ರೈಲು. ಕಿಟಕಿಯಾಚೆ ತೊಗರಿ ಹೊಲಗಳು ಹಳದಿ ಹೂ ಬಿಟ್ಟು ನಿಂತಿರುತ್ತಿದ್ದವು. ಅವು ಹಿಂದಕ್ಕೆ ಸರಿಯುವುದನ್ನು ನೋಡುತ್ತ ನೋಡುತ್ತ ಕಣ್ಣಿಗೆ ಮಂಪರು ಹತ್ತುತ್ತಿತ್ತು. ಆ ಮಂಪರಿನಲ್ಲೇ ಪಾಠದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾನು ಬಚ್ಚಲಮನೆ ಬರೆಯುತ್ತಿದ್ದೆ. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಅಳತೆ ಒಂದೇ, ನಕ್ಷೆ ಮಾತ್ರ ದಿನಕ್ಕೊಂದು.

ಆ ಅಳತೆ ನಾನು ಆರಿಸಿಕೊಂಡದ್ದಲ್ಲ. ಬೀದರಿನ ಹಳೇ ಊರೊಳಗಿನ ನಮ್ಮ ಮನೆಯಲ್ಲಿ ಅಡುಗೆಮನೆಯ ಹಿಂದೆ ಒಂದು ಕತ್ತಲ ಕೋಣೆಯಿತ್ತು, ಹಳೇ ಡಬ್ಬಿ, ಗೋಣಿಚೀಲ ತುಂಬಿಡಲು. ಬಚ್ಚಲು, ಪಾಯಖಾನೆ ಎರಡೂ ಹಿತ್ತಿಲಲ್ಲಿ, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಅವ್ವ ಮೆಟ್ಟಿಲು ಇಳಿಯಬಾರದು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂಡಬಾರದು ಎಂದು ಡಾಕ್ಟರು ಹೇಳಿದರು. ಔರಾದದಿಂದ ಎರಡು ವಾರಕ್ಕೆಂದು ಒಂದೇ ಚೀಲ ಹಿಡಿದು ಬಂದವಳು ಅವಳು. ಈಗ ತಿಂಗಳುಗಟ್ಟಲೆ ಇರಬೇಕಾಯಿತು. ನನ್ನ ಗಂಡ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಕೋಣೆ ಅಳೆದು, "ಇಷ್ಟರಾಗ ಏನು ಕೂಡ್ತದ ನೋಡು" ಎಂದು ನನ್ನ ಕೈಗೆ ಟೇಪು ಕೊಟ್ಟರು.

ಔರಾದದ ನಮ್ಮ ಮನೆಯಲ್ಲಿ ಬಚ್ಚಲೆಂದರೆ ಎದೆಮಟ್ಟದ ಮೂರು ಗೋಡೆ, ಒಳಗೊಂದು ಹಾಸುಗಲ್ಲು. ನಾಲ್ಕನೆಯ ಗೋಡೆ ಹಳೇ ಸೀರೆ. ಅದರ ಅಂಚು ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು. ಅವ್ವ ಬೆಳಕು ಹರಿಯುವ ಮೊದಲೇ, ಉಟ್ಟ ಸೀರೆಯಲ್ಲೇ ನಾಲ್ಕು ಚೆಂಬು ಸುರಿದುಕೊಂಡು ಎದ್ದುಬಿಡುತ್ತಿದ್ದಳು. ಆಮೇಲೆ ಸಾಲೆಗೆ ಹೋಗಿ ಮುನ್ನೂರು ಮಕ್ಕಳಿಗೆ ಬಿಸಿಯೂಟ ಮಾಡಬೇಕು. ಅವಳಿಗೆ ಸ್ನಾನವೂ ಮುಗಿಸಬೇಕಾದ ಕೆಲಸಗಳಲ್ಲಿ ಒಂದಾಗಿತ್ತು.

ನನ್ನ ನಕ್ಷೆಗಳು ಮೊಬೈಲಿನಲ್ಲಿ ನೋಡಿದ ಚಿತ್ರಗಳಿಂದ ಹುಟ್ಟಿದವು. ಅಗಲವಾದ ಬೇಸಿನ್, ಗಾಜಿನ ಅಡ್ಡಗೋಡೆ, ಬೆಳ್ಳನೆಯ ಟೈಲ್ಸು. ಕೊನೆಗೆ ಒಂದನ್ನು ಆರಿಸಿ ಮಿಸ್ತ್ರಿ ಚಾಚಾಗೆ ಕೊಟ್ಟೆ. ನಮ್ಮ ಓಣಿಯ ಅರ್ಧ ಮನೆಗಳ ಗೋಡೆ ಅವರ ಕೈಯವೇ. ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಟೀಚರ್ ಬಾಯಿ, ಕಾಗದದ ಮ್ಯಾಲ ಎಲ್ಲಾ ಬರೋಬ್ಬರ್ ಅದ. ಆದ್ರ ಮನಷ್ಯಾ ಎಲ್ಲಿ ನಿಂದ್ರತಾನ್ರಿ?"

ಮರುದಿನ ಭಾನುವಾರ. ಚಾಚಾ ಮಾಳಿಗೆ ಹತ್ತಿ, ಸರಿಯಾಗಿ ಆ ಕೋಣೆಯ ನೆತ್ತಿಯ ಮೇಲೆ ಸೀಮೆಸುಣ್ಣದಿಂದ ನನ್ನ ನಕ್ಷೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದರು. ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆಂದು ಒಂದು ಕಮಾನು ಗೆರೆಯನ್ನೂ ಎಳೆದರು. ಕಮೋಡಿನ ಜಾಗದಲ್ಲಿ ಪ್ಲಾಸ್ಟಿಕ್ ಸ್ಟೂಲು, ಬೇಸಿನ್ ಇರುವಲ್ಲಿ ಹಿಟ್ಟಿನ ಬುಟ್ಟಿ. ನಾನೂ ನನ್ನ ಗಂಡನೂ ಮೆಟ್ಟಿಲಿಗೊಮ್ಮೆ ನಿಲ್ಲುತ್ತ, ಅವ್ವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೇಲೆ ತಂದೆವು. ಅವಳು ವಾಕರ್ ಹಿಡಿದು ಇಲ್ಲದ ಬಾಗಿಲಿನ ಮುಂದೆ ನಿಂತಳು.

"ಬರ್ರಿ ಅವ್ವಾ, ಒಳಗ ಬರ್ರಿ. ಈಗ ಬಾಗಿಲು ಹಾಕ್ರಿ" ಎಂದರು ಚಾಚಾ.

ಅವ್ವ ಒಳಗೆ ಬಂದಳು, ತಿರುಗಿದಳು. ವಾಕರಿನ ಕಾಲುಗಳು ಕಮಾನು ಗೆರೆಯೊಳಗೇ ಸಿಕ್ಕಿಬಿದ್ದವು.

"ಬಾಗಿಲು ಹಾಕ್ಬೇಕಂದ್ರ ನಾ ಸ್ಟೂಲ್ ಮ್ಯಾಲ ಹತ್ತಿ ನಿಂದ್ರಬೇಕೇನಪಾ?"

ನನ್ನ ಗಂಡ ನಗು ತಡೆಯಲಾರದೆ ಬುಟ್ಟಿಗೆ ಕಾಲು ತಾಗಿಸಿದರು. ಬೇಸಿನ್ ಉರುಳಿಹೋಯಿತು. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಾನೂ ನಕ್ಕೆ.

ಆ ಬೆಳಿಗ್ಗೆಯೆಲ್ಲ ನಾವು ಮಾಳಿಗೆಯ ಮೇಲೆ ಬಿಸಿಲಿನಲ್ಲಿ, ಗೋಡೆಗಳಿಲ್ಲದ ಬಚ್ಚಲೊಳಗೆ ಆಡುತ್ತಿದ್ದೆವು. ಅವ್ವ ನಡೆದಂತೆ ಗೆರೆಗಳು ಅಳಿಸಿ ಬೇರೆ ಗೆರೆಗಳು ಮೂಡಿದವು. ಬಾಗಿಲು ಅಡುಗೆಮನೆಯ ಕಡೆ ಗೋಡೆಗುಂಟ ಸರಿಯುವ ಬಾಗಿಲಾಯಿತು. ಬೇಸಿನ್ ಚಿಕ್ಕದಾಗಿ ಮೂಲೆ ಸೇರಿತು. ಗಾಜಿನ ಅಡ್ಡಗೋಡೆ ಹೋಯಿತು. ಸ್ನಾನದ ಕಡೆ ನೆಲವನ್ನೇ ತುಸು ಇಳಿಜಾರು ಮಾಡಿದರೆ ನೀರು ಈಚೆ ಬರುವುದಿಲ್ಲ ಎಂದರು ಚಾಚಾ. ಕಮೋಡು ಗೋಡೆಗೆ ತೂಗುವಂಥದ್ದು, ಕೆಳಗೆ ನೆಲ ಕಾಣುತ್ತಿದ್ದರೆ ಕೋಣೆ ದೊಡ್ಡದೆನಿಸುತ್ತದೆ. ಕೊನೆಯ ಗೋಡೆಗೆ ಅಷ್ಟಗಲಕ್ಕೂ ಒಂದು ಕಲ್ಲಿನ ಕಟ್ಟೆ. ಕೂತು ಜಳಕ ಮಾಡಲಿಕ್ಕೆ. ಬಕೇಟು ಅದರ ಕೆಳಗೆ. ಸೋಪು, ಎಣ್ಣೆ ಇಡಲು ಜಾಗವೆಲ್ಲಿ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದರು:

"ನಿಮ್ಮದು ಹಳೇ ಕೆಂಪು ಕಲ್ಲಿನ ಗ್ವಾಡಿ, ಒಂದೂವರೆ ಫೂಟ್ ದಪ್ಪ. ಅದರಾಗೇ ಮೂರು ತಾಕ್ ಬಿಡ್ತೇನಿ. ನಮ್ಮ ಹಳೇ ಮನಿಗೋಳಾಗ ದೀಪ ಇಡ್ಲಿಕ್ಕ ಬಿಡ್ತಿದ್ರಲ್ಲ, ಹಂಗ."

ಎಲ್ಲ ಮುಗಿಯಿತೆಂದು ನಾವು ಅಂದುಕೊಂಡೆವು. ಆದರೆ ಅವ್ವ ಆ ಕಟ್ಟೆಯಿರುವ ಜಾಗದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮುಖ ಮೇಲೆತ್ತಿ ಎಷ್ಟೋ ಹೊತ್ತು ಆಕಾಶ ನೋಡಿದಳು. ಹದ್ದೊಂದು ತೇಲುತ್ತಿತ್ತು.

"ಮ್ಯಾಲ ಹಿಂಗೇ ಇರ್ಲಿ" ಎಂದಳು.

"ಏನು ಇರ್ಲಿ ಅವ್ವಾ?"

"ಇದೇ. ಬೆಳಕು."

ಚಾಚಾ ತಲೆ ಕೆರೆದುಕೊಂಡರು. ಛತ್ತು ಒಡೆಯುವುದು ಸುಲಭವಲ್ಲ, ಸರಳು ನೋಡಬೇಕು, ಮಳೆ ನೀರು ಸೋರಬಹುದು, ಫ್ಯಾನು ಹಾಕಿದರೆ ಸಾಕು ಎಂದೆಲ್ಲ ಹೇಳಿದರು. ಅವ್ವ ಕುತ್ತಿಗೆ ಇಳಿಸಲಿಲ್ಲ. ಕೊನೆಗೆ ಚಾಚಾ ಅವಳ ಸ್ಟೂಲಿನ ಪಕ್ಕದಲ್ಲಿ ಎರಡು ಅಡಿಯ ಒಂದು ಚೌಕ ಬರೆದರು.

ಕೆಲಸ ಒಂದು ತಿಂಗಳು ನಡೆಯಿತು. ಟೈಲ್ಸ್ ಅಂಗಡಿಯಲ್ಲಿ ನಾನು ಹಿಡಿದ ಬಿಳಿಯದನ್ನು ಅವ್ವ ಕೈಯಲ್ಲೇ ತಳ್ಳಿದಳು. "ದವಾಖಾನಿಯಿಂದ ಈಗ ಬಂದೇನಿ." ಅವಳು ಆರಿಸಿದ್ದು ನೆನೆಸಿದ ಹೆಸರುಕಾಳಿನ ತಿಳಿ ಹಸಿರು. ನೆಲಕ್ಕೆ ಜಾರದಂತೆ ಒರಟು ಶಹಾಬಾದ್ ಫರಸಿ. ಕನ್ನಡಿಯನ್ನು ಕೂತವರಿಗೂ ಕಾಣುವಷ್ಟು ಕೆಳಗಿಳಿಸಿದೆವು. ಛತ್ತಿನ ಚೌಕಕ್ಕೆ ಸುತ್ತ ಕಟ್ಟೆ ಎತ್ತಿ, ಹಾಲುಬಣ್ಣದ ದಪ್ಪ ಗಾಜು ಕೂರಿಸಿ, ಪಕ್ಕದಲ್ಲಿ ಹಬೆ ಹೋಗಲು ಜಾಳಿಗೆ ಬಿಟ್ಟರು. ಟವೆಲ್ ಹಾಕುವ ಸರಳನ್ನು ನಾವೆಲ್ಲರೂ ಮರೆತಿದ್ದೆವು. ಬೇಸಿನ್ನಿನ ಕೆಳಗಿನ ಮೂಲೆಯಲ್ಲಿ ಇಂದಿಗೂ ಒಂದಿಷ್ಟು ನೀರು ನಿಲ್ಲುತ್ತದೆ.

ಮೊದಲ ದಿನ ಅವ್ವನೇ ಸ್ನಾನಕ್ಕೆ ಹೋದಳು. ನಾನು ರೈಲಿಗೆ ಹೊರಡುವ ಅವಸರದಲ್ಲಿದ್ದೆ. ಬಾಗಿಲು ಸರಿಯಿತು, ಚಿಲಕ ಬಿತ್ತು, ನೀರಿನ ಸದ್ದು ಕೇಳಿಸಿತು. ಹತ್ತು ನಿಮಿಷಕ್ಕೆ ಸದ್ದು ನಿಂತಿತು. ರೊಟ್ಟಿ ಕಟ್ಟಿಕೊಂಡೆ, ಸೀರೆಗೆ ಪಿನ್ನು ಹಾಕಿಕೊಂಡೆ. ಒಳಗೆ ಸದ್ದಿಲ್ಲ. ಅರ್ಧ ಗಂಟೆಯಾಯಿತು. ನಾನು ಬಾಗಿಲು ತಟ್ಟಿದೆ.

"ಅವ್ವಾ! ಏನಾತು? ಬಿದ್ದಿ ಏನು?"

"ಏನೂ ಆಗಿಲ್ಲ ಬೇ."

"ಜಳಕ ಆಗಿಲ್ಲೇನು ಇನ್ನಾ?"

"ಯಾವಾಗೋ ಆಗ್ಯದ. ಸುಮ್ಮ ಕೂತೇನಿ."

"ಕೂತು ಏನ್ ಮಾಡ್ಲತ್ತಿ?"

ನನಗಲ್ಲ, ತನಗೇ ಹೇಳಿಕೊಂಡಂತೆ, "ಬೆಳಕು ಬಂದು ಕಾಲ ಮ್ಯಾಲ ಬಿದ್ದದ. ಹಬಿ ಅದರಾಗ ಮ್ಯಾಲ ಹೊಂಟದ. ಯಾರೂ ಕರೀವಲ್ಲರು" ಎಂದಳು.

ನಾನು ಬಾಗಿಲಿಗೆ ಬೆನ್ನು ಆನಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಬಾಗಿಲ ಸಂದಿನಿಂದ ಸೀಗೆಕಾಯಿಯ ವಾಸನೆ, ಹಸಿ ಕಲ್ಲಿನ ವಾಸನೆ ಬರುತ್ತಿತ್ತು. ನನ್ನ ಬೆನ್ನ ಹಿಂದೆ, ಒಂದು ಹಲಗೆಯಷ್ಟು ದೂರದಲ್ಲಿ, ಅರವತ್ತೆರಡು ವರ್ಷದ ಹೆಂಗಸೊಬ್ಬಳು ಏನೂ ಮಾಡದೆ ಕೂತಿದ್ದಾಳೆ ಎಂಬುದು ನನಗೆ ನಂಬಲಾಗದಷ್ಟು ಹೊಸತಾಗಿತ್ತು. ಅವಳು ಏಳಲಿ ಎಂದು ನನಗೆ ಅನಿಸಲೇ ಇಲ್ಲ. ಗಡಿಯಾರ ಕಾಣುತ್ತಿತ್ತು, ನಾನು ನೋಡಲಿಲ್ಲ. ಭಾಲ್ಕಿಯ ರೈಲು ಹೋಯಿತು. ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಅರ್ಧ ದಿನದ ರಜೆ ಕೇಳಿದೆ. ಕಾರಣ ಕೇಳಿದರೆ ಏನು ಹೇಳುವುದೆಂದು ಹೊಳೆಯದೆ, "ಮನ್ಯಾಗ ಸ್ವಲ್ಪ ಕೆಲಸ ಅದರಿ" ಎಂದೆ.

ಯುಗಾದಿ ಕಳೆದ ಮೇಲೆ ಅವ್ವ ವಾಕರ್ ಬಿಟ್ಟು ಕೋಲು ಹಿಡಿದಳು. ಒಂದು ದಿನ ಊಟಕ್ಕೆ ಕೂತಾಗ, "ನಾಳಿ ಔರಾದಕ್ಕ ಹೋಗೂಣು. ಮಿಸ್ತ್ರಿನೂ ಕರಕೊಂಡ್ ನಡಿ" ಎಂದಳು. ನಾವು ಮೂವರೂ ಬಸ್ಸು ಹತ್ತಿದೆವು. ಔರಾದದ ಮನೆಯ ಹಿತ್ತಿಲಲ್ಲಿ ಚಾಚಾ ಅಭ್ಯಾಸದಂತೆ ಸೀಮೆಸುಣ್ಣ ತೆಗೆದರು. ಅವ್ವ ಅದನ್ನು ಅವರ ಕೈಯಿಂದ ತಗೊಂಡು, ಸೊಂಟದ ಮೇಲೆ ಒಂದು ಕೈಯಿಟ್ಟು, ನೆಲವನ್ನು ಸುಮ್ಮನೆ ನೋಡಿದಳು. ಆಮೇಲೆ ಹೆಜ್ಜೆಯಲ್ಲಿ ಅಳೆದಳು. ಐದು ಅಡಿ, ಎಂಟು ಅಡಿ. ಕೋಲಿನ ಮೇಲೆ ಭಾರ ಬಿಟ್ಟು, ಬಗ್ಗಲಾರದೆ ಬಗ್ಗಿ, ಗೆರೆ ಎಳೆಯುತ್ತ ಹೋದಳು. ಪೂರ್ವದ ಕಡೆ ಬಂದಾಗ ಮಾತ್ರ ನಿಂತು ಚಾಚಾರ ಮುಖ ನೋಡಿದಳು.

"ಇಲ್ಲಿ ಕಿಡಕಿ. ದೊಡ್ಡದು. ಕೂತಲ್ಲಿಂದ ಬೇವಿನ ಗಿಡ ಕಾಣ್ಬೇಕು ನೋಡ್ರಿ."

"ಆತ್ರಿ ಅವ್ವಾ" ಎಂದು ಚಾಚಾ ಟೇಪು ಬಿಚ್ಚಿದರು.