ಹುಣಸೆಹಣ್ಣು ಹಚ್ಚಿದ ಸೌಂಡ್ ಬಾಕ್ಸು

"ಚಕ್ಕಡಿ ಹೊಡಿಯೋರ ಮನ್ಯಾಗ ಬಿ.ಎ.? ಆಗೂ ಮಾತಲ್ಲ ಬಿಡೋ" ಎಂದಿದ್ದವರು ಖಾನಾಪುರದ ವೀರಪ್ಪ ಸಾಹುಕಾರರು. ಆಯಿತು, ನಾನು ಬಿ.ಎ. ಆದೆ. ಹೆಮ್ಮೆಯಿಂದಲೇ ಬರೆಯುತ್ತೇನೆ. ಆದರೆ ಧಾರವಾಡದ ದಾರಿ ನನಗೆ ತೆರೆದದ್ದು ಒಂದು ಮೋಸದಿಂದ — ಅದರ ಪೆಟ್ಟು ಬಿದ್ದದ್ದು ನನ್ನನ್ನು ಸಾಕಿದ ಸೋದರತ್ತೆ ನೀಲವ್ವನಿಗೆ.

ನಮ್ಮ ಓಣಿಗೆಲ್ಲ ಗ್ರಾಮಫೋನು ಇದ್ದದ್ದು ಸಾಹುಕಾರರ ಮನೆಯಲ್ಲಿ ಮಾತ್ರ. ಅದರ ಸೂಜಿ ಕೂರಿಸುವ ದುಂಡನೆಯ ಹಿತ್ತಾಳೆಯ ಸೌಂಡ್ ಬಾಕ್ಸು ಹಳತಾಯಿತೆಂದು, ಬೆಳಗಾವಿಯ ಪೇಟೆಯಿಂದ ಹೊಸದು ತರಲು ನನ್ನನ್ನು ಕಳಿಸಿದರು. ಅಳತೆಗಿರಲಿ ಎಂದು ಹಳೆಯದನ್ನೂ ಬಿಚ್ಚಿ ಕೈಗಿಟ್ಟರು. ಹೊಸದನ್ನು ಕೊಂಡೆ. ಖಾನಾಪುರದ ಸ್ಟೇಷನ್ನಿನಲ್ಲಿ ರೈಲು ಇಳಿಯುವಾಗ ಅದು ಕೈಜಾರಿತು — ಒಳಗಿನ, ದನಿ ಹೊರಡಿಸುವ ಅಭ್ರಕದ ಬಿಲ್ಲೆ ಸೀಳಿಹೋಯಿತು. ಧಾರವಾಡದ ಉಚಿತ ವಸತಿಗೃಹಕ್ಕೆ ಸಾಹುಕಾರರ ಶಿಫಾರಸು ಬೇಕಿದ್ದ ದಿನಗಳವು. ನಿಜ ಹೇಳುವ ಧೈರ್ಯ — ಇರಲಿಲ್ಲ. ದೇವರ ಸಾಮಾನು ತಿಕ್ಕುವಂತೆ ಹುಣಸೆಹಣ್ಣು, ಬೂದಿ ಹಚ್ಚಿ ಹಳೆಯದನ್ನೇ ಥಳಥಳ ತಿಕ್ಕಿದೆ. ಹೊಸದರ ಪೆಟ್ಟಿಗೆಯಲ್ಲಿಟ್ಟು ಒಯ್ದೆ.

ಪಡಸಾಲೆ ತುಂಬ ಜನ. ತಟ್ಟೆ ತಿರುಗಿತು. ಸಾಹುಕಾರರು ಕಣ್ಣು ಮುಚ್ಚಿ, "ಆಹಾ! ಮೊದಲ ಬರೇ ಗೊಗ್ಗರ ದನಿ. ಈಗ ನೋಡ್ರಿ, ತಂಬೂರಿ ತಂತಿ ಸುದ್ದಾ ಬ್ಯಾರೆ ಬ್ಯಾರೆ ಕೇಳ್ತಾವ!" ಎಂದರು. ಎಲ್ಲರೂ ತಲೆದೂಗಿದರು. ನಾಚಿಕೆಯ ಮಾತೆಂದರೆ — ನನಗೂ ಇಂಪಾಗಿಯೇ ಕೇಳಿಸಿತು! ನಾನೇ ತಿಕ್ಕಿ ತಂದ ಹಳೆಯ ಹಿತ್ತಾಳೆ, ಅದರ ಹೊಳಪಿಗೆ ನನ್ನ ಕಿವಿಯೇ ಮರುಳಾಯಿತು.

ಬಾಗಿಲ ಬಳಿ ಕುಳಿತಿದ್ದ ಅತ್ತೆ ಮಾತ್ರ, "ಮೊದಲಿನ ದನೀನ ಐತಲ್ರೀ, ಏನ ಫರಕ?" ಎಂದಳು.

"ಕಿವಿ ಕೆಟ್ಟಾವೇನ ನೀಲವ್ವಾ?" ಸಾಹುಕಾರರು ನಕ್ಕರು. "ಇನ್ನ ಮದವಿ ಮನ್ಯಾಗ ಸೋಬಾನಿ ಹೆಂಗ ಹಾಡ್ತೀ?"

ಪಡಸಾಲೆಯೆಲ್ಲ ನಕ್ಕಿತು. ಅವಳು ನನ್ನತ್ತ ನೋಡಿದಳು — ನನ್ನ ಮಾತನ್ನು ಅವಳು ನಂಬುತ್ತಾಳೆಂದು ಗೊತ್ತಿದ್ದೂ —

"ಫರಕ ಐತಿ ಅತ್ತಿ" ಎಂದುಬಿಟ್ಟೆ.

ಸಾಹುಕಾರರ ಶಿಫಾರಸು ಸಿಕ್ಕಿತು, ನಾನು ಧಾರವಾಡ ಸೇರಿದೆ. ಅತ್ತೆ ಮತ್ತೆ ಸೋಬಾನೆ ಹಾಡಲಿಲ್ಲ. ಮದುವೆಗೆ ಕರೆಯಲು ಬಂದವರಿಗೆ, "ಬ್ಯಾಡ್ರೆವಾ, ನನಗ ಸುರ ತಿಳಿವಲ್ದು" ಎನ್ನುತ್ತಿದ್ದಳು. ರಜೆಗೆ ಬಂದಾಗಲೆಲ್ಲ ಈ ಮಾತು ಕೇಳಿದೆ. ಕೇಳಿ, ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಧಾರವಾಡಕ್ಕೆ ಹೊರಟುಹೋದೆ. ಅದಕ್ಕೆ ನನ್ನ ಹತ್ತಿರ ಸಬೂಬಿಲ್ಲ.

ಪದವಿಪತ್ರ ಬಂದ ಮೇಲೆ ಊರಿಗೆ ಹೋದೆ. ಅತ್ತೆಯ ಕಾಲಿಗೆ ಬಿದ್ದು ಎದ್ದವನೇ, ಅದನ್ನು ತೋರಿಸುವ ಮೊದಲು, ಎಲ್ಲ ಹೇಳಿದೆ — ಒಡೆದದ್ದು, ತಿಕ್ಕಿದ್ದು, ನನ್ನ ಆ ಸುಳ್ಳು. ಹೇಳಿ ಮುಗಿದಾಗ, ಎಷ್ಟೋ ವರ್ಷಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋದಂತಾಯಿತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಪದವಿಪತ್ರವನ್ನು ಅವಳ ಕೈಗಿಟ್ಟೆ.

ಅತ್ತೆಯ ಮುಖ ಅರಳಿತು. "ಅಂದ್ರ ನನ್ನ ಕಿವಿ ನೆಟ್ಟಗ ಇದ್ದವು!"

ಕಾಗದವನ್ನು ನನ್ನ ಕೈಗೇ ಮರಳಿ ಕೊಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು.

"ನಡಿ, ಸಾವಕಾರ್ರ ಮನಿಗೆ ಹೋಗೂಣು. ಮೊದಲ ಇದನ್ನ ತೋರಸು, ಆಮ್ಯಾಲ ಅದನ್ನ ಹೇಳು. ನಕ್ಕಾವರನ್ನೆಲ್ಲಾ ನಾ ಕರಕೊಂಡ ಬರ್ತೀನಿ."